ಮೂಲೆ ಕೋಣೆಯ ಕಿಟಕಿ

ಊರಿನಲ್ಲಿ ಎಲ್ಲಿ ಏನು ಸಿಡಿದರೂ ಮೊದಲು ಆಸ್ಪತ್ರೆಗೆ, ಆಮೇಲೆ ಗಾಜಿನವನಿಗೆ ಫೋನು ಹೋಗುತ್ತಿತ್ತು. ಅವನ ನಾದಿನಿ ಇದನ್ನೇ ಹಿಡಿದುಕೊಂಡು ತಮಾಷೆ ಮಾಡುತ್ತಿದ್ದಳು. ಊರಿಗೆ ಕೇಡಾದರೆ ನಮ್ಮ ಭಾವನಿಗೆ ಸುಗ್ಗಿ ಎನ್ನುತ್ತಿದ್ದಳು. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಗಾಜು ಒಡೆದದ್ದು ಅವನಿಂದಲ್ಲ, ಹಾಕುವುದಷ್ಟೇ ಅವನ ಕೆಲಸ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ, ಅದರ ಮೇಲೆಯೇ ಮನೆ. ಕೆಳಗೆ ಮರದ ಚೌಕಟ್ಟುಗಳಲ್ಲಿ ಗಾಜಿನ ಹಲಗೆಗಳು ಒರಗಿ ನಿಂತಿರುತ್ತಿದ್ದವು. ಅಂಗಡಿಯ ತುಂಬ ಸೀಮೆಎಣ್ಣೆ ಮತ್ತು ಗಾಜು ಕೂರಿಸುವ ಲಪ್ಪದ ವಾಸನೆ. ಹೆಂಡತಿ ಹಿಂಬದಿಯಲ್ಲಿ ಕೂತು ಕತ್ತರಿಸಿದ ಗಾಜಿನ ಅಂಚು ಉಜ್ಜಿ ಕೊಡುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಅವಳ ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನೂ ತಂಗಿಯನ್ನೂ ಅವಳೇ ಸಾಕಿದ್ದಳು. ಮದುವೆಯಾಗಿ ಬರುವಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಆ ಇಬ್ಬರನ್ನು ಹಿಡಿದುಕೊಂಡು ಬಂದವಳು. ಗಾಜಿನವನು ಅವರಿಬ್ಬರನ್ನೂ ಹೆಗಲ ಮೇಲೆ ಹೊತ್ತು ಬೆಳೆಸಿದ್ದ.

ತಮ್ಮ ಓದಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾದ. ದೇವರ ಗ್ರಂಥದ ಪ್ರಕಾರ ಆಡಳಿತ ನಡೆಯಬೇಕು ಎನ್ನುವ ಪಕ್ಷಕ್ಕೆ ಸೇರಿದ. ಅದಕ್ಕೂ ಮೊದಲು ಇದ್ದ ಸರ್ಕಾರವನ್ನು ಸರ್ಕಾರ ಎನ್ನುವ ಹಾಗಿರಲಿಲ್ಲ, ಅಲ್ಲಿ ಹೆಣ ಪಡೆಯುವುದಕ್ಕೂ ಕೈ ಬೆಚ್ಚಗೆ ಮಾಡಬೇಕಿತ್ತು. ಪಶ್ಚಿಮದ ದೇಶಗಳ ಸೈನ್ಯ ಬಂದು ಆ ಸರ್ಕಾರವನ್ನು ಕಿತ್ತುಹಾಕಿ, ಇನ್ನು ಮೇಲೆ ನಿಮ್ಮ ಓಟು, ನಿಮ್ಮ ಆಯ್ಕೆ ಎಂದಿತು. ಜನ ಓಟು ಹಾಕಿದರು. ಪಕ್ಷ ಗೆದ್ದಿತು. ಗಾಜಿನವನೂ ಅದಕ್ಕೇ ಓಟು ಹಾಕಿದ್ದ, ಯಾಕೆಂದರೆ ಪಕ್ಷದ ಹುಡುಗರು ಬೀದಿಯ ಕಸ ಎತ್ತುತ್ತಿದ್ದರು, ಪಕ್ಷದ ದವಾಖಾನೆಯ ಡಾಕ್ಟರು ಲಂಚ ಮುಟ್ಟುತ್ತಿರಲಿಲ್ಲ. ಎಣಿಕೆಯಲ್ಲಿ ದೋಷವಿದೆ ಎಂದು ಪರದೇಶದವರು ಚುನಾವಣೆಯನ್ನೇ ರದ್ದು ಮಾಡಿದರು. ಪಕ್ಷದ ಕಚೇರಿಗೆ ಬೀಗ ಬಿತ್ತು. ಮೇಷ್ಟ್ರನ್ನು ತರಗತಿಯಿಂದ ಎಬ್ಬಿಸಿಕೊಂಡು ಹೋದರು.

ಅವನು ವಾಪಸು ಬರುವ ಹೊತ್ತಿಗೆ ಎಡಗಿವಿ ಹೋಗಿತ್ತು. ವಿಚಾರಣೆ ಮಾಡುತ್ತಿದ್ದವನು ಒಂದೇ ಜಾಗಕ್ಕೆ ಹೊಡೆಯುತ್ತಿದ್ದನಂತೆ. ಎಷ್ಟೋ ದಿನ ದಿಂಬಿನ ಮೇಲೆ ಕೀವಿನ ಕಲೆ ಇರುತ್ತಿತ್ತು, ಅಕ್ಕ ಅದನ್ನು ಒಗೆದು ಒಣಗಿಸುತ್ತಿದ್ದಳು. ಒಂದು ದಿನ ಅವನು ಓಟಿನ ಚೀಟಿ ಹಾಕಿ ನೋಡಿದ್ದಾಯಿತು ಎಂದಷ್ಟೇ ಹೇಳಿ ಮನೆ ಬಿಟ್ಟು ಹೋದ. ಪರದೇಶದವರ ವಿರುದ್ಧ ಕಾದುತ್ತಿದ್ದ ಪಡೆಗೆ ಸೇರಿದ್ದಾನೆ ಎಂದು ಆಮೇಲೆ ಗೊತ್ತಾಯಿತು.

ತಂಗಿಯದು ಇನ್ನೊಂದು ದಾರಿ. ರೇಡಿಯೊ ಕೇಳಿ ಕೇಳಿಯೇ ಪರದೇಶದವರ ಭಾಷೆ ಕಲಿತಿದ್ದಳು. ಬೆರಳು ಚುರುಕು, ನಾಲಗೆ ಅದಕ್ಕಿಂತ ಚುರುಕು. ಪರದೇಶದವರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಣ್ಣ ಕೆಲಸ ಬಿಡು ಎಂದು ಹೇಳಿಕಳಿಸಿದ. ನಿನ್ನ ಕಿವಿ ಒಡೆದವರು ಬೇರೆ, ನನಗೆ ಕುರ್ಚಿ ಕೊಟ್ಟವರು ಬೇರೆ ಎಂದು ಅವಳು ಹೇಳಿಕಳಿಸಿದಳು. ಇಬ್ಬರೂ ಒಂದೇ ಕಟ್ಟಡದಲ್ಲಿದ್ದಾರೆ ಎಂದು ಅವನು ಉತ್ತರ ಕಳಿಸಿದ. ಅಲ್ಲಿಗೆ ಅಣ್ಣ ತಂಗಿಯ ಮಾತು ನಿಂತಿತು.

ಆ ಕಚೇರಿಯ ಎಲ್ಲ ಕಿಟಕಿಗಳಿಗೂ ಹೊಸ ಗಾಜು ಹಾಕುವ ಕೆಲಸ ಗಾಜಿನವನಿಗೆ ಸಿಕ್ಕಿದ್ದು ನಾದಿನಿಯಿಂದಲೇ. ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಪರದೇಶದವನು. ಉದ್ದ ಕಾಲು, ಉದ್ದ ಕುತ್ತಿಗೆ. ನಾದಿನಿ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದಳು. ಮೊದಲ ದಿನ ಕೊಕ್ಕರೆ ಒಂದು ಗಾಜಿನ ಒಳಮೈಗೆ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿ ಸುತ್ತಿಗೆಯಿಂದ ಹೊಡೆದು ತೋರಿಸಿದ. ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು, ಒಂದು ಚೂರೂ ಕೆಳಗೆ ಬೀಳಲಿಲ್ಲ. ಸಿಡಿದಾಗ ಜನ ಸಾಯುವುದು ಬೆಂಕಿಗಿಂತ ಹೆಚ್ಚಾಗಿ ಹಾರಿ ಬರುವ ಗಾಜಿಗೆ ಎಂದು ನಾದಿನಿಯ ಬಾಯಲ್ಲಿ ಹೇಳಿಸಿದ. ಗಾಜಿನವನಿಗೆ ಅದು ಹೊಸ ವಿಷಯವಾಗಿರಲಿಲ್ಲ. ಆದರೂ ಸುತ್ತಿಗೆ ತೆಗೆದುಕೊಂಡು ತಾನೂ ಹೊಡೆದು ನೋಡಿದ. ಇಬ್ಬರೂ ನಕ್ಕರು.

ಕೆಲಸ ಅರ್ಧ ಆಗಿದ್ದಾಗ ಬಾಮೈದ ಅಂಗಡಿಗೆ ಬಂದ. ಮಟಮಟ ಮಧ್ಯಾಹ್ನ, ಮಸೀದಿಯಿಂದ ಜನ ಮನೆಗೆ ಹೋಗುತ್ತಿದ್ದ ಹೊತ್ತು. ಗಡ್ಡ ನೀಟಾಗಿ ಕತ್ತರಿಸಿತ್ತು, ಅಂಗಿ ಇಸ್ತ್ರಿಯಾಗಿತ್ತು. ಬೀದಿಯ ಆಚೆ ಬದಿ ಇಬ್ಬರು ಮೋಟರ್ ಬೈಕಿನ ಮೇಲೆ ಕೂತಿದ್ದರು. ಅವನು ಅಕ್ಕ ಹೇಗಿದ್ದಾಳೆ ಎಂದು ಕೇಳಿದ, ಭಾವನ ಬೆನ್ನುನೋವಿನ ಬಗ್ಗೆ ಕೇಳಿದ. ಆಮೇಲೆ ಕೇಳುವ ಕಿವಿ ಈ ಕಡೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತ.

‘ಕೆಳಗಡೆ ಮೂಲೆ ಕೋಣೆ ಇದೆಯಲ್ಲ ಭಾವ, ರಸ್ತೆ ಕಡೆ ಕಿಟಕಿ. ಅದಕ್ಕೆ ಹಾಳೆ ಬೇಡ. ಬರೀ ಗಾಜು ಹಾಕು. ಸಾದಾ ಗಾಜು.’

ಮೂಲೆ ಕೋಣೆಯಲ್ಲಿ ಯಾರು ಕೂರುತ್ತಾರೆಂದು ಗಾಜಿನವನಿಗೆ ಗೊತ್ತಿತ್ತು. ವಿಚಾರಣೆಯವನು. ಅಳತೆ ತೆಗೆಯಲು ಹೋದಾಗ ಎದ್ದು ನಿಂತು, ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟಿದ್ದ. ಸಣ್ಣ ದನಿಯ ಮನುಷ್ಯ.

‘ನನ್ನನ್ನ ಇದರಲ್ಲಿ ಎಳೀಬೇಡಪ್ಪ. ನಾನು ಗಾಜು ಕತ್ತರಿಸೋನು.’

‘ನಾನೆಲ್ಲಿ ಎಳೆದೆ? ಅವರ ಗೋಡೆಗೆ ಏಣಿ ಹಾಕ್ದಾಗ ನೀನೇ ಬಂದೆ. ನಮ್ಮವರು ನಿನ್ನ ಅಂಗಡಿಗೆ ಬೆಂಕಿ ಇಡೋಕೆ ಹೊರಟಿದ್ರು. ನಮ್ಮ ಭಾವ ಅವರು, ನನ್ನನ್ನ ಸಾಕಿದೋರು ಅಂತ ನಾನೇ ತಡೆದೆ. ಎಷ್ಟು ಸಲ ತಡೀಲಿ?’

‘ನಿನ್ನ ತಂಗಿ ಅಲ್ಲೇ ಇರ್ತಾಳೆ.’

‘ಮೇಲೆ, ಹಿಂದಿನ ಕಡೆ. ಆ ಕಿಟಕಿಗೆ ಎರಡು ಪದರ ಹಾಕು ಬೇಕಾದ್ರೆ. ನಾನೇನು ಮೃಗಾನಾ?’

ಅವನು ಹೋದ ಮೇಲೆ ಗಾಜಿನವನು ಅರ್ಧ ಕೊಯ್ದಿದ್ದ ಗಾಜಿಗೆ ಮರಳಿದ. ಅವನಿಗೆ ಭಯವಾಗಿತ್ತು, ಅದು ನಿಜ. ಆದರೆ ಭಯವೊಂದೇ ಆಗಿದ್ದರೆ ಹೆಂಡತಿಗೆ ಹೇಳಿರುತ್ತಿದ್ದ. ಕೀವು ಮೆತ್ತಿದ ದಿಂಬು ಅವನ ಕಣ್ಣ ಮುಂದೆ ಬಂತು. ಅದರ ಜೊತೆಗೆ ಆ ಸಣ್ಣ ದನಿಯವನು ಕುರ್ಚಿ ಸರಿಸಿದ್ದೂ ನೆನಪಾಯಿತು. ಆ ಕೈಯೇ ಈ ಕೈ ಎಂದುಕೊಂಡಾಗ ಅವನೊಳಗೆ ಏನೋ ಒಂದು ಗಟ್ಟಿಯಾಯಿತು. ಒಬ್ಬ ಸಾಯುತ್ತಾನೆ, ಸಾಯಲಿ, ಹೊಡೆದವನು ತಾನೆ ಎಂದುಕೊಂಡ. ವಾರದ ಕೊನೆಗೆ ಮೂಲೆ ಕೋಣೆಯ ಕಿಟಕಿಗೆ ಸಾದಾ ಗಾಜು ಕೂರಿಸಿದ. ಕೊಕ್ಕರೆ ಮೊದಮೊದಲು ಪ್ರತಿ ಗಾಜಿನ ಅಂಚನ್ನು ಉಗುರಿನಿಂದ ಕೆರೆದು ಹಾಳೆ ಇದೆಯೇ ಎಂದು ನೋಡುತ್ತಿದ್ದ. ಈಗ ಅವನಿಗೆ ನಂಬಿಕೆ ಬಂದಿತ್ತು. ಬಾಗಿಲಲ್ಲೇ ನಿಂತು ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಆಮೇಲೆ ಏನೂ ಆಗಲಿಲ್ಲ. ವಾರಗಳು ಕಳೆದವು. ಪಡೆಯವರು ಮನಸ್ಸು ಬದಲಿಸಿರಬಹುದು ಎಂದು ಗಾಜಿನವನು ಅಂದುಕೊಳ್ಳಲು ಶುರುಮಾಡಿದ್ದ. ಒಂದು ಸಂಜೆ ಊಟಕ್ಕೆ ಕೂತಾಗ ನಾದಿನಿ ಖುಷಿಯಲ್ಲಿದ್ದಳು. ವಿಚಾರಣೆಯವನಿಗೆ ರಸ್ತೆಯ ಗಲಾಟೆ ಆಗುವುದಿಲ್ಲವಂತೆ, ಅವನು ಮಹಡಿಗೆ ಹೋಗಿದ್ದಾನೆ, ಮೂಲೆ ಕೋಣೆ ಈಗ ಟೈಪಿಸ್ಟುಗಳಿಗೆ ಬಂದಿದೆ ಎಂದಳು.

‘ಎಂಥಾ ಬೆಳಕು ಅಂತೀಯಾ ಅಕ್ಕ. ಲೈಟೇ ಹಾಕ್ಬೇಕಾಗಿಲ್ಲ. ಭಾವನ ಕಿಟಕಿ ಪಕ್ಕಾನೇ ನನ್ನ ಮೇಜು.’

ಗಾಜಿನವನ ಕೈ ತಟ್ಟೆಯಲ್ಲೇ ನಿಂತಿತು. ಹೆಂಡತಿ ಏನಾಯಿತು ಎಂದಳು. ಮೆಣಸಿನಕಾಯಿ ಕಚ್ಚಿದೆ ಎಂದು ಎದ್ದು ಹೋಗಿ ನೀರು ಕುಡಿದ.

ಮರುದಿನ ಅವನು ಬಾಮೈದನನ್ನು ಹುಡುಕಿಕೊಂಡು ಹೋದ. ಟೈರು ಅಂಗಡಿಯೊಂದರ ಹಿಂದೆ ಅವನು ಸಿಕ್ಕಿದ. ವಿಷಯ ಕೇಳಿ ಮೇಷ್ಟ್ರ ಮುಖ ಒಂದು ಗಳಿಗೆ ಬಿಳಿಚಿಕೊಂಡಿದ್ದನ್ನು ಗಾಜಿನವನು ಕಂಡ. ಆಮೇಲೆ ಅದು ಮೊದಲಿನ ಹಾಗೇ ಆಯಿತು. ಇದು ತನ್ನ ಕೈಯಲ್ಲಿಲ್ಲ, ಸಿಡಿಮದ್ದಿನ ಲಾರಿ ಎಲ್ಲಿಂದ ಬರುತ್ತದೆ, ಯಾವತ್ತು ಬರುತ್ತದೆ ಎನ್ನುವುದು ತನಗೂ ಗೊತ್ತಿಲ್ಲ ಎಂದ. ಅವಳು ಕೆಲಸ ಬಿಡಲಿ, ಮೊದಲಿಂದಲೂ ಹೇಳುತ್ತಿದ್ದೇನೆ ಎಂದ.

‘ಯಾಕೆ ಬಿಡು ಅಂತ ಹೇಳ್ಲಿ?’

‘ಅದನ್ನ ಹೇಳಂಗಿಲ್ಲ. ಹೇಳಿದ್ರೆ ಅವಳು ಅವರಿಗೆ ಹೇಳ್ತಾಳೆ. ಆಮೇಲೆ ನಿನ್ನನ್ನ, ಅಕ್ಕನ್ನ ಇಬ್ಬರನ್ನೂ ನಾನು ಕಾಯೋಕಾಗಲ್ಲ. ನೀನೂ ಯೋಚಿಸು. ಇನ್ನೂ ಎಷ್ಟು ಜನರ ಮಕ್ಕಳು ಅಲ್ಲಿದ್ದಾರೆ. ನಮ್ಮ ಮನೆಯವಳು ಅಂತ ನಾನು ನಿಲ್ಲಿಸಿದ್ರೆ ದೇವರ ಮುಂದೆ ಏನು ಹೇಳ್ಲಿ?’

ಗಾಜಿನವನು ಮನೆಗೆ ಬಂದು ನಾದಿನಿಗೆ ಕೆಲಸ ಬಿಡು ಎಂದ. ಕಾಲ ಸರಿಯಿಲ್ಲ, ಮದುವೆ ನೋಡೋಣ, ಅಕ್ಕನಿಗೆ ಕೈಲಾಗುವುದಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದ. ಅವಳು ನಕ್ಕುಬಿಟ್ಟಳು. ಕೆಲಸ ಕೊಡಿಸಿದವಳಿಗೇ ಕೆಲಸ ಬಿಡು ಅಂತೀರಲ್ಲ ಭಾವ ಎಂದಳು. ಹೆಂಡತಿ ನಗಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು.

ಉಳಿದದ್ದು ಒಂದೇ ದಾರಿ. ಮಾರನೇ ಬೆಳಿಗ್ಗೆ ಹಾಳೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯ ಗೇಟಿಗೆ ಹೋದ. ಮೂಲೆ ಕೋಣೆಯ ಹಾಳೆಯಲ್ಲಿ ಗುಳ್ಳೆ ಎದ್ದಿದೆ, ಬದಲಿಸಬೇಕು ಎಂದು ಹೇಳುವುದೆಂದು ಲೆಕ್ಕ ಹಾಕಿದ್ದ. ಕಾವಲಿನವನು ಒಳಗೆ ಫೋನು ಮಾಡಿ, ಎಂಜಿನಿಯರ್ ಮೀಟಿಂಗಿನಲ್ಲಿದ್ದಾರೆ, ನಿಲ್ಲು ಎಂದ. ನಿಂತ. ಬಿಸಿಲು ಏರಿತು. ರಸ್ತೆಯ ಆಚೆ ಬದಿ ಮೋಟರ್ ಬೈಕಿನ ಮೇಲೆ ಅಂಗಡಿಯ ಮುಂದೆ ಕಂಡಿದ್ದ ಇಬ್ಬರಲ್ಲಿ ಒಬ್ಬ ಕೂತಿದ್ದ. ಅವನು ಗಾಜಿನವನನ್ನು ನೋಡಿದ, ಸುರುಳಿಯನ್ನು ನೋಡಿದ, ಇಲ್ಲ ಎನ್ನುವ ಹಾಗೆ ನಿಧಾನವಾಗಿ ತಲೆ ಆಡಿಸಿದ. ಅಷ್ಟೇ. ಆಯುಧ ತೋರಿಸಲಿಲ್ಲ, ಹತ್ತಿರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾವಲಿನವನು, ಬಾ ಒಳಗೆ, ಬಿಡಲು ಹೇಳಿದ್ದಾರೆ ಎಂದು ಗೇಟು ತೆರೆದ. ಗಾಜಿನವನು ನಾಳೆ ಬರುತ್ತೇನೆ ಎಂದು ಹೇಳಿ ಮನೆ ಕಡೆ ತಿರುಗಿದ.

ನಾಳೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಲಾರಿ ಬಂದದ್ದು ಅದೇ ವಾರ, ಬೆಳಿಗ್ಗೆ ಕಚೇರಿ ತುಂಬುವ ಹೊತ್ತಿಗೆ.

ಅಂಗಡಿಯಲ್ಲಿ ನಿಲ್ಲಿಸಿದ್ದ ಗಾಜುಗಳೆಲ್ಲ ಒಮ್ಮೆಲೇ ನಡುಗಿದವು. ಹೆಂಡತಿ ಕೈಯಲ್ಲಿದ್ದ ಗಾಜನ್ನು ಹಾಗೆಯೇ ಇಟ್ಟು, ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದಳು. ಅವನು ಓಡಲಿಲ್ಲ. ಫೋನಿನ ಪಕ್ಕ ಕೂತಿದ್ದ. ಫೋನು ಬಂತು. ಕಟ್ಟಡಕ್ಕೆ ಹಲಗೆ ಹೊಡೆದು ಮುಚ್ಚಬೇಕು, ಕೂಡಲೇ ಬಾ ಎಂದರು. ಒಳಗಿದ್ದವರು ಏನಾದರು ಎಂದು ಕೇಳಿದ. ಟೈಪಿಸ್ಟುಗಳಲ್ಲಿ ಮೂವರು ಸತ್ತಿದ್ದಾರೆ, ಒಬ್ಬಳನ್ನು ಆಸ್ಪತ್ರೆಗೆ ಒಯ್ದಿದ್ದಾರೆ ಎಂದರು. ಉಳಿದವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಅವನು ಆಸ್ಪತ್ರೆಗೆ ಹೋಗಬಹುದಿತ್ತು. ಕಚೇರಿಗೆ ಹೋದ.

ಕಟ್ಟಡದ ಮುಖದ ತುಂಬ ಕಿಟಕಿಗಳು ಬಿರುಕುಬಿಟ್ಟು ಬೆಳ್ಳಗಾಗಿ, ಚೌಕಟ್ಟಿನಿಂದ ಜೋಲುಬಿದ್ದಿದ್ದವು. ಒಂದೂ ಚೂರಾಗಿರಲಿಲ್ಲ. ಅಂಗಳದಲ್ಲಿ ಕೊಕ್ಕರೆ ನಿಂತಿದ್ದ, ಕೂದಲ ತುಂಬ ಸುಣ್ಣದ ಪುಡಿ. ಅವನು ಓಡಿ ಬಂದು ಗಾಜಿನವನನ್ನು ತಬ್ಬಿಕೊಂಡ. ಊರಿನ ಭಾಷೆಯಲ್ಲಿ ತನಗೆ ಬರುತ್ತಿದ್ದ ನಾಲ್ಕು ಮಾತಿನಲ್ಲೇ ಹೇಳಿದ.

‘ನಿನ್ನ ಗಾಜು ನಿಂತಿತು. ನಮ್ಮ ಜನ ಯಾರೂ ಸಾಯಲಿಲ್ಲ. ಒಬ್ಬರೂ ಇಲ್ಲ.’

ಮೂಲೆ ಕೋಣೆಯ ಬಗ್ಗೆ, ಅದು ಗೇಟಿಗೆ ತೀರ ಹತ್ತಿರ, ಅಲ್ಲಿ ಯಾವ ಹಾಳೆಯೂ ತಡೆಯುತ್ತಿರಲಿಲ್ಲ ಎಂದ. ಆಗಲೇ ಹಾಗೆಂದು ಮೇಲಿನವರಿಗೆ ಹೇಳಿಯೂ ಆಗಿತ್ತು. ಗಾಜಿನವನು ತಲೆಯಾಡಿಸಿ ಆ ಕೋಣೆಗೆ ಹೋದ, ಬಾಗಿಲು ಹಾಕಿಕೊಂಡ. ಹೆಣಗಳನ್ನು ಎತ್ತಿದ್ದರು. ಚಪ್ಪಲಿಗಳಿದ್ದವು, ಒಂದು ನೀರಿನ ಬಾಟಲಿ ನೆಟ್ಟಗೆ ನಿಂತಿತ್ತು. ಎದುರು ಗೋಡೆಯ ಗಾರೆಯಲ್ಲಿ, ಬೀರುವಿನ ಬಾಗಿಲಲ್ಲಿ ಗಾಜಿನ ಉದ್ದುದ್ದ ಚೂರುಗಳು ನಾಟಿಕೊಂಡಿದ್ದವು. ಹಾಳೆ ಅಂಟಿದ ಗಾಜು ಹಾಗೆ ಒಡೆಯುವುದಿಲ್ಲ, ಯಾರಾದರೂ ಒಂದು ಚೂರನ್ನು ಎತ್ತಿ ನೋಡಿದ್ದರೂ ಸಾಕಿತ್ತು. ಅವನು ಇಕ್ಕಳ ತೆಗೆದು ಒಂದೊಂದನ್ನೇ ಕಿತ್ತ. ನೆಲ ಗುಡಿಸಿದ. ಯಾರಾದರೂ ನೋಡಿದರೆ ಹಾಳೆ ಅಂಟಿದ ಗಾಜೇ ಸಿಗಲಿ ಎಂದು ಪಕ್ಕದ ಕೋಣೆಯ ಬಿರುಕು ಗಾಜನ್ನು ತಂದು ಕೊಯ್ದು ಅದರ ಚೂರುಗಳನ್ನು ಕಸದ ಜೊತೆ ಬೆರೆಸಿ ಮೂಟೆ ಕಟ್ಟಿದ. ಗಾಡಿಗೆ ಹೇರಿಸಿ ಊರ ಹೊರಗಿನ ಕಲ್ಲುಗುಂಡಿಗೆ ಸುರಿದು ಬಂದ. ಆಮೇಲೆ ಕೈ ತೊಳೆದುಕೊಂಡು ಆಸ್ಪತ್ರೆಗೆ ಹೋದ.

ಬದುಕಿದ್ದವಳು ನಾದಿನಿಯೇ. ಎರಡು ಕಣ್ಣೂ ಹೋಗಿದ್ದವು.

ಮುಖದ ಮೇಲೆ ಬಟ್ಟೆ ಸುತ್ತಿತ್ತು, ಬಾಯಿ ಮಾತ್ರ ಕಾಣುತ್ತಿತ್ತು. ಅವನ ಹೆಜ್ಜೆ ಕೇಳಿ ಭಾವ ಬಂದ್ರಾ ಎಂದಳು. ಹತ್ತಿರ ಹೋದಾಗ ಕೈ ಹಿಡಿದುಕೊಂಡಳು. ನಿಮ್ಮ ಗಾಜು ಇಲ್ಲದೆ ಇದ್ದಿದ್ದರೆ ನಾನೂ ಸಾಯುತ್ತಿದ್ದೆನಂತೆ, ಎಂಜಿನಿಯರ್ ಬಂದು ಹೇಳಿ ಹೋದರು ಎಂದಳು. ಅವನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯವರು ಅವಳ ಬಟ್ಟೆಗಳನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅವನ್ನು ನೆನೆಹಾಕಲು ಹೋದ ಹೆಂಡತಿಗೆ ತೋಳಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಬೆರಳುದ್ದದ ಚೂರು ಸಿಕ್ಕಿತು. ಅಂಚು ಉಜ್ಜಿ ಉಜ್ಜಿ ಸವೆದ ಬೆರಳು ಅವಳದು. ಚೂರಿನ ಎರಡೂ ಮೈ ಸವರಿ ನೋಡಿದಳು. ಅಂಗಡಿಗೆ ಇಳಿದು ಬಂದು ಅದನ್ನು ಗಂಡನ ಮುಂದೆ ಮೇಜಿನ ಮೇಲಿಟ್ಟಳು.

‘ಇದಕ್ಕೆ ಹಾಳೆ ಎಲ್ಲಿ?’

ಅವನು ಚೂರಿನ ಮೇಲೆ ಒರೆಸುವ ಬಟ್ಟೆ ಎಳೆದ.

‘ಯಾರು ಹೇಳಿದ್ದು ಅಂತ ಕೇಳಲ್ಲ. ಅವನನ್ನ ಸಾಕಿದೋಳು ನಾನೇ. ಅವಳು ಆ ಕೋಣೇಲಿ ಇದ್ದಾಳೆ ಅಂತ ನಿಮಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಗೊತ್ತಾಯ್ತು. ಅಲ್ವಾ?’

‘ಬದಲಿಸೋಣ ಅಂತ ಹೋಗಿದ್ದೆ. ಗೇಟಿನವರೆಗೂ ಹೋಗಿದ್ದೆ.’

‘ಗೇಟಿನವರೆಗೆ’ ಎಂದಳು ಅವಳು. ಆ ಮಾತನ್ನು ಅವಳು ಅಂದ ರೀತಿ ಅವನಿಗೆ ಸಾಯುವವರೆಗೂ ಸಾಕಾಗುವಷ್ಟಿತ್ತು. ಆಮೇಲೆ ಒಂದೇ ಒಂದು ಷರತ್ತು ಹಾಕಿದಳು. ತಂಗಿಗೆ ಇದು ಗೊತ್ತಾಗಬಾರದು, ಅವಳಿಗೆ ಈ ಮನೆ ಬಿಟ್ಟರೆ ದಿಕ್ಕಿಲ್ಲ.

ನಾದಿನಿ ಮನೆಗೆ ಬಂದಳು. ಕಣ್ಣಿನ ಗುಳಿಗಳನ್ನು ದಿನಾ ತೊಳೆದು ಔಷಧ ಹಾಕಿ ಬಟ್ಟೆ ಕಟ್ಟಬೇಕಿತ್ತು. ಮೊದಲ ದಿನ ಹೆಂಡತಿ ಬಟ್ಟಲಲ್ಲಿ ಬಿಸಿನೀರು ತಂದು ಗಂಡನ ಕೈಗೆ ಕೊಟ್ಟಳು. ನನ್ನ ಕೈ ನಡುಗುತ್ತದೆ, ನೀವೇ ಮಾಡಿ ಎಂದಳು. ಅವಳ ಕೈ ನಡುಗುತ್ತಿರಲಿಲ್ಲ. ಪ್ರತಿದಿನವೂ ಹಾಗೆಯೇ ಆಯಿತು. ಅವನು ತೊಳೆಯುವಾಗ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅವನು ಮುಖ ತಿರುಗಿಸಿದರೆ, ಇನ್ನೂ ಅಲ್ಲಿ ಉಳಿದಿದೆ ನೋಡಿ, ಸರಿಯಾಗಿ ನೋಡಿ ಎನ್ನುತ್ತಿದ್ದಳು. ನಾದಿನಿ ನೋವು ನುಂಗಿಕೊಂಡು, ಭಾವನ ಕೈ ಹಗುರ ಎನ್ನುತ್ತಿದ್ದಳು.

ಬಾಮೈದ ಒಮ್ಮೆ ಬಂದ. ತಂಗಿ ಮಲಗಿದ್ದ ಕೋಣೆಯ ಹೊಸ್ತಿಲಲ್ಲಿ ನಿಂತ. ಯಾರು ಎಂದಳು ಅವಳು. ಯಾರೂ ಇಲ್ಲ ಎಂದಳು ಅಕ್ಕ, ಅವನ ಮುಖ ನೋಡಿಕೊಂಡೇ. ಅವನು ಬಂದ ಹಾಗೇ ಮೆಟ್ಟಿಲಿಳಿದು ಹೋದ.

ಮಳೆಗಾಲ ಕಳೆಯುವ ಹೊತ್ತಿಗೆ ಪರದೇಶದವರು ಊರು ಬಿಡುತ್ತಾರೆಂಬ ಸುದ್ದಿ ಬಂತು. ಅವರ ದೇಶದಲ್ಲಿ ಚುನಾವಣೆಯಂತೆ, ಅಲ್ಲಿನ ಜನಕ್ಕೆ ಈ ಯುದ್ಧ ಸಾಕಾಗಿದೆಯಂತೆ. ಕೊಕ್ಕರೆ ಅಂಗಡಿಗೆ ಬಂದ. ಹದಿನೆಂಟು ಜನ ನಮ್ಮವರ ಜೀವ ಉಳಿಸಿದ ನಿನ್ನನ್ನು ಇಲ್ಲಿ ಬಿಟ್ಟು ಹೋಗುವುದಿಲ್ಲ, ನಿನ್ನನ್ನೂ ಹೆಂಡತಿಯನ್ನೂ ವಿಮಾನದಲ್ಲಿ ಕರೆದೊಯ್ಯುತ್ತೇನೆ ಎಂದ. ಹೆಂಡತಿಯ ತಂಗಿ ಎಂಬ ಸಂಬಂಧ ಅವರ ಕಾಯಿದೆಯಲ್ಲಿ ಕುಟುಂಬಕ್ಕೆ ಸೇರುತ್ತಿರಲಿಲ್ಲ. ಆದರೆ ನಾದಿನಿ ಅವರ ಕೆಲಸದವಳೇ ಆಗಿದ್ದಳಲ್ಲ, ಅವಳಿಗೆ ತನ್ನದೇ ಹಕ್ಕಿತ್ತು. ಗುರುತು ತೋರಿಸಿದರೆ ಸಾಕಿತ್ತು.

ಗಾಜಿನವನೂ ಹೆಂಡತಿಯೂ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋದರು. ಮೇಜಿನ ಹಿಂದೆ ಒಬ್ಬ ಯುವಕ ಸೈನಿಕ ಕೂತಿದ್ದ, ಮುಂದೆ ಒಂದು ಯಂತ್ರ. ಕೆಲಸಕ್ಕೆ ಸೇರುವಾಗ ಎಲ್ಲರ ಕಣ್ಣಿನ ಪಾಪೆಯ ಚಿತ್ರ ತೆಗೆದುಕೊಂಡಿದ್ದರು, ಅದೇ ಗುರುತು. ಅವಳು ಅವರ ಭಾಷೆಯಲ್ಲೇ ತನ್ನ ಹೆಸರು, ಕೋಣೆ, ಮೇಲಧಿಕಾರಿ ಎಲ್ಲ ಹೇಳಿದಳು. ಸೈನಿಕ ಮರ್ಯಾದೆಯಿಂದ ಕೇಳಿದ. ಆಮೇಲೆ ಯಂತ್ರದ ಕಡೆ ತೋರಿಸಿದ, ತೋರಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು ಹೊಳೆದು ಬಾಯಲ್ಲಿ ಹೇಳಿದ. ಅವಳು ಬಟ್ಟೆ ಬಿಚ್ಚಿದಳು. ಸೈನಿಕ ಬೇರೆ ಕಡೆ ನೋಡಿದ. ಕಣ್ಣಿಲ್ಲದೆ ಯಂತ್ರ ಒಪ್ಪುವುದಿಲ್ಲ, ಯಂತ್ರ ಒಪ್ಪದೆ ತಾನು ಏನೂ ಮಾಡಲಾಗುವುದಿಲ್ಲ, ಮೇಲೆ ಬರೆದು ಕೇಳುತ್ತೇನೆ ಎಂದ. ಸರದಿಯಲ್ಲಿದ್ದ ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು.

ದಾರಿಯಲ್ಲಿ ಅವಳು ಒಮ್ಮೆ ಜೋರಾಗಿ ನಕ್ಕಳು. ಅಲ್ಲ ಅಕ್ಕ, ಅವರ ಕಚೇರೀಲಿ ಬಿಟ್ಟು ಬಂದಿದ್ದನ್ನ ಅವರೇ ತಗೊಂಡು ಬಾ ಅಂತಾರಲ್ಲ ಎಂದಳು.

ಮನೆಗೆ ಬಂದ ಮೇಲೆ ಹೆಂಡತಿ ತಾನು ಹೋಗುವುದಿಲ್ಲ ಎಂದಳು. ನೀವು ಹೋಗಿ ಎಂದಳು. ಅವಳು ತನ್ನನ್ನು ಪರೀಕ್ಷಿಸಲು ಹಾಗೆ ಹೇಳಿದಳೋ ನಿಜವಾಗಿ ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಅವನು, ಅಲ್ಲಿಂದ ನಿಮಗೆ ಏನಾದರೂ ಕಳಿಸಬಹುದು ಎಂದ. ಪೆಟ್ಟಿಗೆ ಕಟ್ಟಿದ. ವಜ್ರದ ಮೊನೆಯ ಕತ್ತರಿಯನ್ನೂ ಅದರಲ್ಲಿಟ್ಟುಕೊಂಡ. ಹೊರಡಲು ಗೊತ್ತುಮಾಡಿದ್ದ ದಿನ ಕೊಕ್ಕರೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಸಂಜೆಗೆ, ಲಾರಿ ಬಂದ ದಿನ ಪಾಳಿಯಿಲ್ಲದೆ ಉಳಿದುಕೊಂಡಿದ್ದ ಕಾವಲಿನವನು ಬೀದಿಯಲ್ಲಿ ಓಡುತ್ತಾ ಹೋಗುವಾಗ ಹೇಳಿದ: ಅವರೆಲ್ಲ ಹಿಂದಿನ ದಿನವೇ ಹಾರಿ ಹೋಗಿದ್ದರು, ಕಟ್ಟಡದಲ್ಲಿ ದೀಪ ಉರಿಯಲು ಬಿಟ್ಟು. ಹೆಂಡತಿ ಪೆಟ್ಟಿಗೆಯನ್ನು ಬಿಚ್ಚಲು ಬಿಡಲಿಲ್ಲ. ನಡುಮನೆಯಲ್ಲಿ, ಎಲ್ಲರೂ ದಾಟಿ ಹೋಗಬೇಕಾದ ಜಾಗದಲ್ಲಿ ಅದು ಕೂತಿತು.

ಪಡೆ ಒಂದು ಗುಂಡೂ ಹಾರಿಸದೆ ಊರಿಗೆ ಬಂತು. ಮೊದಲ ಕೆಲಸವಾಗಿ, ಪರದೇಶದವರಲ್ಲಿ ದುಡಿದವರೆಲ್ಲ ಆ ಕಚೇರಿಯ ಅಂಗಳಕ್ಕೆ ಬಂದು ಪಶ್ಚಾತ್ತಾಪ ಹೇಳಬೇಕು ಎಂದು ಡಂಗುರವಾಯಿತು. ಬಿಟ್ಟುಹೋದ ಕಾಗದಗಳಲ್ಲಿ ಹೆಸರುಗಳಿದ್ದವು, ಮನೆಮನೆಗೂ ಕರೆ ಹೋಯಿತು. ಸತ್ತ ಟೈಪಿಸ್ಟುಗಳ ಹೆಸರಿಗೂ ಹೋಯಿತು.

ಅಂಗಳದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೆಂಡತಿ ತಂಗಿಯ ತೋಳು ಹಿಡಿದು ನಿಂತಿದ್ದಳು. ಅವರ ಪಕ್ಕದಲ್ಲಿ ಸತ್ತ ಟೈಪಿಸ್ಟ್ ಒಬ್ಬಳ ತಾಯಿ ನಿಂತಿದ್ದಳು. ಮಗಳ ಹೆಸರು ಕೂಗಿದಾಗ ಮುಂದೆ ಹೋಗಿ, ಅವಳು ಬರೋಕಾಗಲ್ಲ, ನೀವೇ ಕೊಂದಿದ್ದೀರಿ ಎಂದಳು. ಕೂಗುತ್ತಿದ್ದವನು ಹೆಸರಿನ ಮೇಲೆ ಗೆರೆ ಎಳೆದು ಮುಂದಿನದು ಓದಿದ.

ಕಾವಲಿನವನನ್ನು ಮಂಡಿಯೂರಿಸಿ ಕೂರಿಸಿದರು. ಗೇಟಿನಲ್ಲಿ ಪಡೆಯವನೊಬ್ಬನನ್ನು ಹಿಡಿದುಕೊಟ್ಟವನು ಅವನೇ ಎಂದು ಇಬ್ಬರು ಸಾಕ್ಷಿ ಹೇಳಿದರು. ಅವನು ತನಗೆ ನಾಲ್ಕು ಮಕ್ಕಳಿದ್ದಾರೆ ಎಂದ. ನ್ಯಾಯ ಹೇಳುತ್ತಿದ್ದ ಮುದುಕ ಗ್ರಂಥದ ಸಾಲೊಂದನ್ನು ಹೇಳಿ ಕಣ್ಣು ಮುಚ್ಚಿಕೊಂಡ. ಕಾಂಪೌಂಡಿನ ಹಿಂದೆ ಕರೆದುಕೊಂಡು ಹೋಗಿ ಗುಂಡು ಹಾರಿಸಿದರು. ಆ ಸದ್ದಿಗೆ ನಾದಿನಿ ಬೆಚ್ಚಿಬಿದ್ದು ಅಕ್ಕನ ಭುಜಕ್ಕೆ ಮುಖ ಒತ್ತಿಕೊಂಡಳು.

ಮುಂದಿನ ಹೆಸರು ಗಾಜಿನವನದು. ಜನರ ನಡುವಿನಿಂದ ಯಾರೋ ಕೂಗಿದರು. ಇವನ ಗಾಜಿನಿಂದ ಪರದೇಶದವರು ಬದುಕಿದರು, ನಮ್ಮ ಹುಡುಗ ಲಾರಿಯಲ್ಲಿ ಸುಟ್ಟುಹೋಗಿದ್ದು ದಂಡವಾಯಿತು ಎಂದರು. ಗೊಣಗು ಎದ್ದಿತು. ಮಂಡಿಯೂರು ಎಂದರು. ಊರಿದ. ಆಗ ಬಾಮೈದ ಎದ್ದು ಧ್ವನಿವರ್ಧಕ ತೆಗೆದುಕೊಂಡ. ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಮಾತಾಡಿದ.

‘ಈ ಮನುಷ್ಯ ನಮ್ಮವನು. ಆ ಮೂಲೆ ಕೋಣೆ ನೋಡಿ. ಅಲ್ಲಿ ವಿಚಾರಣೆಯವನು ಕೂರ್ತಿದ್ದ. ನಮ್ಮ ಮಾತಿನ ಮೇಲೆ ಅದೊಂದು ಕಿಟಕಿಗೆ ಇವನು ಹಾಳೆ ಹಾಕ್ಲಿಲ್ಲ. ಅವರ ಕಣ್ಣೆದುರಿಗೆ, ಜೀವದ ಹಂಗು ಬಿಟ್ಟು ಸಾದಾ ಗಾಜು ಹಾಕ್ದ. ಆ ವೈರಿ ಕೋಣೆ ಬದಲಿಸಿದ್ದು ದೇವರ ಇಚ್ಛೆ. ಇವನ ಮನಸ್ಸು ಶುದ್ಧವಾಗಿತ್ತು. ಇವನಿಗೆ ಪಶ್ಚಾತ್ತಾಪ ಬೇಕಾಗಿಲ್ಲ.’

ಅಂಗಳದ ತುಂಬ ದೇವರ ಹೆಸರಿನ ಘೋಷಣೆ ಎದ್ದಿತು. ಗಾಜಿನವನನ್ನು ಎತ್ತಿ ನಿಲ್ಲಿಸಿದರು. ಯಾರ್ಯಾರೋ ಹಣೆಗೆ ಮುತ್ತಿಟ್ಟರು. ಅವನು ಹೆಂಗಸರ ಕಡೆ ನೋಡಿದ. ನಾದಿನಿ ತಲೆಯೆತ್ತಿ, ದನಿ ಬಂದ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು. ಅವಳು ಅಕ್ಕನ ಕೈಯನ್ನು ತನ್ನ ತೋಳಿನಿಂದ ಬಿಡಿಸಿದ್ದಳು.

ಮನೆಗೆ ಬಂದ ಮೇಲೆ ನಾದಿನಿ ನಡುಮನೆಯ ಪೆಟ್ಟಿಗೆಗೆ ಎಡವಿ, ಅದರ ಮೇಲೆಯೇ ಕೂತಳು.

‘ಅಕ್ಕ, ನಿನಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಯಾವಾಗಿಂದ?’

‘ನೀನು ಆಸ್ಪತ್ರೇಲಿದ್ದಾಗಿಂದ.’

‘ಮತ್ತೆ ದಿನಾ ನನ್ನ ಕಣ್ಣು ತೊಳೆಯೋಕೆ ಅವರನ್ನೇ ಯಾಕೆ ಕಳಿಸ್ತಿದ್ದೆ?’

‘ಅವರು ನೋಡ್ಲಿ ಅಂತ. ಏನು ಮಾಡಿದ್ದಾರೆ ಅಂತ ದಿನಾ ನೋಡ್ಲಿ ಅಂತ.’

ನಾದಿನಿ ಕಣ್ಣಿನ ಬಟ್ಟೆಯ ಗಂಟನ್ನು ಬಿಗಿಮಾಡಿಕೊಂಡಳು.

‘ನನ್ನ ಕಣ್ಣಲ್ಲಿ ನೀವಿಬ್ರೂ ಜಗಳ ಆಡ್ಕೊಂಡ್ರಿ. ನಾನು ಭಾವನ ಕೈ ಹಗುರ ಅಂತಿದ್ದೆ. ಅದನ್ನೂ ಕೇಳಿಸ್ಕೊಂಡು ನಿಂತಿದ್ದೆ ನೀನು.’

ಹೆಂಡತಿ ಅಲ್ಲಿಯೇ ಗೋಡೆಗೊರಗಿ ಕುಸಿದಳು. ತಮ್ಮ ಕಿವಿ ಒಡೆಸಿಕೊಂಡು ಬಂದಾಗಲೂ, ತಂಗಿಯ ಮುಖದ ಬಟ್ಟೆ ಬಿಚ್ಚಿದಾಗಲೂ ಅಳದವಳು ಈಗ ಅತ್ತಳು. ತಂಗಿ ಸಮಾಧಾನ ಮಾಡಲಿಲ್ಲ. ಗಾಜಿನವನು ಏನೋ ಹೇಳಲು ಬಾಯಿ ತೆರೆದ. ನೀವು ಮಾತಾಡಬೇಡಿ ಭಾವ, ನಿಮ್ಮ ದನಿ ಎಲ್ಲಿಂದ ಬರುತ್ತದೋ ಆ ಕಡೆ ತಿರುಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ ಎಂದಳು.

ಮರುದಿನ ಸತ್ತ ಟೈಪಿಸ್ಟಿನ ತಾಯಿ ಬಂದಳು. ನಾದಿನಿಯೇ ಯಾರ ಮೂಲಕವೋ ಹೇಳಿಕಳಿಸಿದ್ದಳು. ಆ ಮುದುಕಿಗೆ ಒಂದೇ ಕೋಣೆಯ ಮನೆ, ಮಗಳ ಮಂಚ ಖಾಲಿಯಿತ್ತು. ಅವಳು ಮೇಲಕ್ಕೆ ಬರಲಿಲ್ಲ, ಬೀದಿಯಲ್ಲೇ ನಿಂತು ಕಾದಳು. ನಾದಿನಿ ಬಟ್ಟೆಯ ಗಂಟು ಹಿಡಿದು, ಗೋಡೆ ಸವರಿಕೊಂಡು ಮೆಟ್ಟಿಲಿಳಿದಳು. ಹೆಂಡತಿ ಮೇಲೆಯೇ ಉಳಿದಳು. ಗಾಜಿನವನು ಗಂಟು ತೆಗೆದುಕೊಳ್ಳಲು ಕೈ ಚಾಚಿದ, ಆಮೇಲೆ ಹಿಂದಕ್ಕೆ ತೆಗೆದುಕೊಂಡ.

ಬಾಮೈದ ಈಗ ಊರಿನ ಆಡಳಿತಕ್ಕೆ ಸೇರಿದ್ದ. ತಂಗಿಗೆ ಕಾಳು, ಬಟ್ಟೆ, ಒಮ್ಮೆ ಡಾಕ್ಟರನ್ನೂ ಕಳಿಸಿದ. ಮುದುಕಿ ಬಾಗಿಲು ತೆರೆಯಲಿಲ್ಲ, ಅವೆಲ್ಲ ಹೊಸ್ತಿಲಲ್ಲೇ ಬಿದ್ದಿದ್ದು ಬೀದಿಯವರ ಪಾಲಾದವು. ಗಾಜಿನವನಿಗೆ ಕೆಲಸದ ಕೊರತೆಯಾಗಲಿಲ್ಲ. ಮಸೀದಿಯ ಬಳಿ ಹೋದರೆ ಜನ ಎದ್ದು ಜಾಗ ಕೊಡುತ್ತಿದ್ದರು. ಅವನು ಹೋಗುವುದನ್ನು ಕಡಿಮೆ ಮಾಡಿದ. ಮನೆಯಲ್ಲಿ ಗಂಡ ಹೆಂಡತಿ ಒಂದೇ ತಟ್ಟೆಯ ದೂರದಲ್ಲಿ ಕೂತು ಉಣ್ಣುತ್ತಿದ್ದರು, ಗಾಜಿನ ಅಳತೆ ಹೇಳುವುದಕ್ಕೆ ಮಾತ್ರ ಮಾತಾಡುತ್ತಿದ್ದರು.

ತಿಂಗಳುಗಳ ಮೇಲೆ ಒಂದು ದಿನ, ಒಂದು ಮನೆಗೆ ಕಿಟಕಿ ಕೂರಿಸಿ ಬರುವಾಗ ಅವನು ನಾದಿನಿಯನ್ನು ತರಕಾರಿ ಗಾಡಿಯ ಹತ್ತಿರ ಕಂಡ. ಮುದುಕಿಯ ತೋಳು ಹಿಡಿದು ನಿಂತಿದ್ದಳು. ಗಾಡಿಯವನು ಏನೋ ಹೇಳಿದ, ಅವಳು ಅದಕ್ಕೆ ಏನೋ ತಿರುಗಿ ಹೇಳಿದಳು, ಮೂವರೂ ನಕ್ಕರು. ಆಮೇಲೆ ಅವರು ಇವನ ಕಡೆಗೇ ಬಂದರು. ಅವನು ಬೆನ್ನ ಮೇಲಿದ್ದ ಗಾಜಿನ ಸಮೇತ ಗೋಡೆಗೆ ಒತ್ತಿಕೊಂಡು ನಿಂತ, ಹೆಜ್ಜೆ ಎತ್ತಲಿಲ್ಲ, ಉಸಿರು ಬಿಡಲಿಲ್ಲ. ಮುದುಕಿ ಅವನನ್ನು ನೋಡಿದಳು. ಅವಳಿಗೆ ಏನೂ ಹೇಳದೆ, ಕೈ ಹಿಡಿದು ಅವನ ಮುಂದಿನಿಂದಲೇ ನಡೆಸಿಕೊಂಡು ಹೋದಳು.